ಲಿಂಗದ ಕರಡಿಗೆ ಬೀರು ಸೇರದ ಹಾಗೆ ನೋಡ್ಕೊಳ್ಳೋದು ಹೇಗೆ

ಲಿಂಗಾಯತ ಮನೆಗಳಲ್ಲಿ ನಂಬಿಕೆ ಹೋಗಿ ಲಿಂಗಪೂಜೆ ಬಿಟ್ಟೋರು ಬಹಳ ಕಮ್ಮಿ. ಬಿಟ್ಟೋರನ್ನ ಕೇಳಿ ನೋಡಿ, "ಹಾಸ್ಟೆಲ್‌ಗೆ ಹೋದಾಗ ನಿಂತೋಯ್ತು", "ಮದುವೆ ಆಗಿ ಬೆಂಗಳೂರಿಗೆ ಬಂದ್ಮೇಲೆ ಆಗ್ಲೇ ಇಲ್ಲ", "ಮಗು ಆದ್ಮೇಲೆ ಟೈಮ್ ಎಲ್ಲಿ" ಅಂತಾರೆ, ಅಷ್ಟೇ. ಯಾರೂ ದೇವರ ಜೊತೆ ವಾದ ಮಾಡಿ ಸೋತು ಗೆದ್ದು ಬಿಟ್ಟಿರಲ್ಲ. ಮನೆ ಬದಲಾಯ್ತು, ಡ್ಯೂಟಿ ಟೈಮ್ ಬದಲಾಯ್ತು, ಒಂದಿನ ತಪ್ತು, ಒಂದು ವಾರ ತಪ್ತು, ಆಮೇಲೆ ಕರಡಿಗೆ (ಲಿಂಗ ಇಟ್ಟು ಕೊರಳಿಗೆ ಹಾಕ್ಕೊಳ್ಳೋ ಪುಟ್ಟ ಡಬ್ಬಿ) ಹೋಗಿ ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗೆ ಕೂತ್ಕೊಳ್ತು, ಅಲ್ಲಿಗೆ ಮುಗೀತು. ಶಿವರಾತ್ರಿಗೋ ಶ್ರಾವಣ ಸೋಮವಾರಕ್ಕೋ ಹೊರಗೆ ಬಂದ್ರೆ ಬಂತು.

ಹಾಗಾಗಿ ಭಕ್ತಿ ಹುಟ್ಟಿಸ್ಕೊಳ್ಳೋದು ಹೇಗೆ ಅಂತ ನಾನಿಲ್ಲಿ ಹೇಳಲ್ಲ, ಅದನ್ನ ಯಾರೂ ಹೇಳ್ಕೊಡೋಕಾಗಲ್ಲ ಅನ್ಸುತ್ತೆ. ಬದುಕು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿದಾಗ ದಿನದ ಪೂಜೆ ಕೈ ತಪ್ಪದ ಹಾಗೆ ಏನು ಮಾಡ್ಬಹುದು, ಅಷ್ಟು ಮಾತ್ರ ಹೇಳ್ತೀನಿ. ಲಿಂಗ ಕಟ್ಟಿಸ್ಕೊಂಡೋರನ್ನ ಮನಸ್ಸಲ್ಲಿಟ್ಕೊಂಡು ಬರೀತಿದೀನಿ, ಬೇರೆ ಮನೆತನದೋರು ನಿಮ್ಮ ನಿಮ್ಮ ಪೂಜೆಗೆ ಹೊಂದಿಸ್ಕೊಳ್ಳಿ.

ಮೊದಲು ಒಂದು ವಿಷಯ ತಲೇಲಿ ಇರ್ಲಿ. ಇಷ್ಟಲಿಂಗ, ಅಂದ್ರೆ ಗುರುಗಳು ಕಟ್ಟಿದ ಮೇಲೆ ಮೈಮೇಲೇ ಇಟ್ಕೊಳ್ಳೋ ಪುಟ್ಟ ಲಿಂಗ, ಓಡಾಡೋ ಜನಕ್ಕೆ ಅಂತಲೇ ಇರೋ ವ್ಯವಸ್ಥೆ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಸೇರಿದ ಶರಣರು ಯಾರು ಅಂತ ನೋಡಿ, ಮಡಿವಾಳ ಮಾಚಯ್ಯ ಬಟ್ಟೆ ಒಗೆಯೋರು, ಅಂಬಿಗರ ಚೌಡಯ್ಯ ದೋಣಿ ನಡೆಸೋರು, ನುಲಿಯ ಚಂದಯ್ಯ ಹಗ್ಗ ಹೊಸೆಯೋರು, ಸ್ವತಃ ಬಸವಣ್ಣನವರು ಬಿಜ್ಜಳ ರಾಜನ ಭಂಡಾರದ ಲೆಕ್ಕ ನೋಡ್ಕೊಳ್ತಿದ್ರು. ಇವರಿಗೆಲ್ಲ ಗಂಟೆ ಹೊಡೆದಾಗ ಗುಡಿ ಬಾಗಿಲಿಗೆ ಹೋಗಿ ನಿಲ್ಲೋಕೆ ಪುರುಸೊತ್ತೂ ಇರ್ಲಿಲ್ಲ, ಅದರಲ್ಲಿ ಎಷ್ಟೋ ಜನರಿಗೆ ಗುಡಿಯೊಳಗೆ ಪ್ರವೇಶವೇ ಇರ್ಲಿಲ್ಲ. ಅದಕ್ಕೇ ದೇವರು ಎದೆ ಮೇಲೆ ಬಂದ. ನೀವು ಊರು ಬಿಟ್ರೆ ನಿಮ್ಮ ಜೊತೆ ಅವನೂ ಬಿಡ್ತಾನೆ, ಬಸ್ಸಲ್ಲಿ ಕೂರ್ತಾನೆ, ಪಿಜಿ ರೂಮಿಗೂ ಬರ್ತಾನೆ. ಇಂಥ ವ್ಯವಸ್ಥೆ ಇಟ್ಕೊಂಡು "ಊರು ಬಿಟ್ಟೆ, ಅದಕ್ಕೇ ಪೂಜೆ ಬಿಟ್ಟೆ" ಅನ್ನೋದು ಸ್ವಲ್ಪ ನಗು ಬರೋ ಮಾತೇ.

ಈಗ ಮಾಡೋ ಕೆಲಸಕ್ಕೆ ಬರೋಣ. ಮೊಟ್ಟಮೊದಲು ನಿಮ್ಮ ಪೂಜೆಯಲ್ಲಿ ತಿರುಳು ಯಾವುದು, ಸಿಂಗಾರ ಯಾವುದು ಅಂತ ಬೇರೆ ಮಾಡ್ಕೊಳ್ಳಿ. ನಿಮ್ಮಜ್ಜಿ ಮಾಡ್ತಿದ್ದ ಪೂಜೆಯನ್ನೇ ಅಳತೆಗೋಲು ಅಂದ್ಕೊಂಡಿದ್ದಕ್ಕೇ ಅರ್ಧ ಜನ ಕೈಬಿಟ್ಟಿರೋದು, ಯಾಕಂದ್ರೆ ಅಜ್ಜಿಗೆ ಒಂದು ಗಂಟೆ ಇತ್ತು, ಹಿತ್ತಲಲ್ಲಿ ಕಣಗಿಲೆ ಇತ್ತು, ಪತ್ರೆ ತಂದ್ಕೊಡೋಕೆ ಮೊಮ್ಮಕ್ಕಳಿದ್ರು. ತಿರುಳು ಅಂದ್ರೆ ಇಷ್ಟು: ಕೈಕಾಲು ಮುಖ ತೊಳ್ಕೊಂಡು (ಸ್ನಾನ ಆದ್ರೆ ಒಳ್ಳೇದೇ) ಹಣೆಗೆ ಮೂರು ಬೆರಳಲ್ಲಿ ವಿಭೂತಿ, ಕರಡಿಗೆ ಬಿಚ್ಚಿ ಲಿಂಗ ಎಡಗೈ ಅಂಗೈ ಮೇಲೆ, ನಾಲ್ಕು ಹನಿ ನೀರು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಲಿಂಗಕ್ಕೂ ವಿಭೂತಿ, ಹೂವೋ ಪತ್ರೆಯೋ ಇದ್ರೆ ಒಂದು, ಆಮೇಲೆ ನಮಃ ಶಿವಾಯ ಮಂತ್ರ ಹೇಳ್ಕೊಂಡು ಲಿಂಗದ ಮೇಲೆ ನೋಟ ನಿಲ್ಸೋದು. ಅಷ್ಟೇ. ಐದು ನಿಮಿಷ ಸಾಕು. ಮಂಗಳಾರತಿ, ಊದಿನಕಡ್ಡಿ, ನೈವೇದ್ಯ, ಸಾಲು ಸಾಲು ಹೂವು ಇವೆಲ್ಲ ಇದ್ರೆ ಚೆಂದ, ಇಲ್ಲ ಅಂದ್ರೆ ಪೂಜೆ ಕೆಡಲ್ಲ.

ಆ ನೋಟ ನಿಲ್ಸೋದಿದೆಯಲ್ಲ, ಅದನ್ನ ಮಾತ್ರ ಬಿಡ್ಬೇಡಿ, ಎಷ್ಟೋ ಜನ ನೀರು ಹಾಕಿ ವಿಭೂತಿ ಹಚ್ಚಿ ಕಣ್ಣು ಮುಚ್ಚಿ ಕೈಮುಗಿದು ಮುಗಿಸಿಬಿಡ್ತಾರೆ, ಅಸಲು ಕೆಲಸವೇ ಉಳಿದುಹೋಗುತ್ತೆ. ಲಿಂಗವನ್ನ ಕಣ್ಣಿಂದ ಒಂದೂವರೆ ಗೇಣು ದೂರಕ್ಕೆ, ಕಣ್ಣಿನ ಮಟ್ಟಕ್ಕಿಂತ ಚೂರು ಕೆಳಗೆ ಹಿಡ್ಕೊಳ್ಳಿ. ದೀಪವನ್ನೋ ಟೇಬಲ್ ಲ್ಯಾಂಪನ್ನೋ ನಿಮ್ಮ ಹಿಂದಿನಿಂದ ಪಕ್ಕಕ್ಕೆ ಬರೋ ಹಾಗೆ ಇಟ್ರೆ ಲಿಂಗದ ಕಪ್ಪು ಮೈ ಮೇಲೆ ಸಾಸಿವೆ ಕಾಳಷ್ಟು ಒಂದು ಬೆಳಕಿನ ಚುಕ್ಕಿ ಬೀಳುತ್ತೆ, ಅದನ್ನೇ ನೋಡ್ತಾ ಇರಿ. ಶುರುವಿನಲ್ಲಿ ಎರಡು ನಿಮಿಷಕ್ಕೇ ಕೈ ನೋಯುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಮೊಣಕೈ ಕೆಳಗೆ ದಿಂಬು ಇಟ್ಕೊಳ್ಳಿ, ಕಣ್ಣು ಉರಿದ್ರೆ ಮಿಟುಕಿಸಿ, ಇದು ಸ್ಪರ್ಧೆ ಅಲ್ಲ.

ಎರಡನೇದು, ಪೂಜೆಯನ್ನ ಗಡಿಯಾರಕ್ಕೆ ಕಟ್ಬೇಡಿ. "ದಿನಾ ಬೆಳಗ್ಗೆ ಐದಕ್ಕೆ" ಅಂತ ಶಪಥ ಮಾಡಿದೋರು ನೈಟ್ ಶಿಫ್ಟ್ ಬಂದ ದಿನ ಬಿಡ್ತಾರೆ, ಆಮೇಲೆ ಹಿಡಿಯೋದೇ ಇಲ್ಲ. ಮಾಡೇ ಮಾಡೋ ಕೆಲಸ ಯಾವುದಾದ್ರೂ ಒಂದಕ್ಕೆ ಕಟ್ಟಿ: ಎದ್ದು ಮುಖ ತೊಳೆದ ಮೇಲೆ, ಮೊದಲ ಚಹಾಕ್ಕಿಂತ ಮುಂಚೆ. ಎದ್ದಿದ್ದು ಬೆಳಗ್ಗೆ ಐದೋ ಮಧ್ಯಾಹ್ನ ಎರಡೋ ಅದು ಲೆಕ್ಕಕ್ಕಿಲ್ಲ. ಮೂರು ಹೊತ್ತು ಪೂಜೆ ಮಾಡ್ಬೇಕು ಅನ್ನೋ ಪದ್ಧತಿ ಇದೆ, ನಿಜ, ಆದ್ರೆ ಒಂದು ಹೊತ್ತು ಗಟ್ಟಿ ಮಾಡ್ಕೊಳ್ದೆ ಮೂರಕ್ಕೆ ಕೈ ಹಾಕಿದ್ರೆ ಮೂರೂ ಹೋಗುತ್ತೆ. ಇನ್ನು ಲಿಂಗಪೂಜೆ ಆಗೋವರೆಗೂ ತೊಟ್ಟು ನೀರೂ ಕುಡಿಯಲ್ಲ ಅನ್ನೋ ಹಿರಿಯರ ನೇಮ. ಅವರ ನಿಷ್ಠೆಗೆ ಕೈಮುಗೀತೀನಿ, ಆದ್ರೆ ಶುಗರ್ ಇರೋರು, ಮಗುವಿಗೆ ಹಾಲು ಕುಡಿಸೋರು, ಏಳು ಗಂಟೆಗೆ ಕಂಪನಿ ಬಸ್ ಹಿಡಿಯೋ ಹುಡುಗರು ಇದನ್ನ ಮೈಮೇಲೆ ಎಳ್ಕೊಂಡು ಒಂದು ತಿಂಗಳಲ್ಲಿ ಸುಸ್ತಾಗಿ ಎಲ್ಲಾನೂ ಬಿಡೋದನ್ನ ಸುತ್ತಮುತ್ತ ನೋಡ್ತಾನೇ ಇರ್ತೀವಿ.

ಹಾಸ್ಟೆಲ್ಲು, ಪಿಜಿ, ಫಾರಿನ್ನು ಇದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ವಿಭೂತಿ ಗಟ್ಟಿ ಎರಡು, ಒರೆಸೋ ಬಟ್ಟೆ, ಸಣ್ಣ ಬಟ್ಟಲು ಇವನ್ನ ಒಂದು ಚೀಲದಲ್ಲಿ ಹಾಕಿಟ್ಕೊಂಡ್ರೆ ಪೂಜೆ ಸಾಮಾನು ಮುಗೀತು. ಅಮೆರಿಕದಲ್ಲೋ ಇಂಗ್ಲೆಂಡಲ್ಲೋ ಊದಿನಕಡ್ಡಿ ಹಚ್ಚೋಕೆ ಹೋಗ್ಬೇಡಿ, ಸ್ಮೋಕ್ ಅಲಾರಂ ಹೊಡ್ಕೊಂಡ್ರೆ ಇಡೀ ಬಿಲ್ಡಿಂಗ್ ಚಳಿಯಲ್ಲಿ ಹೊರಗೆ ನಿಲ್ಲುತ್ತೆ. ಬಿಲ್ವಪತ್ರೆ ಸಿಗಲ್ಲ, ಕಿಟಕಿಯಲ್ಲಿರೋ ಯಾವುದೋ ಕುಂಡದ ಒಂದು ಹೂ ಸಾಕು. ಏರ್‌ಪೋರ್ಟ್‌ ಚೆಕಿಂಗಲ್ಲಿ ಬೆಳ್ಳಿ ಕರಡಿಗೆ ಬೀಪ್ ಅಂದ್ರೆ ತೆಗೆದು ತೋರಿಸ್ಬೇಕಾಗುತ್ತೆ, ಲಿಂಗವನ್ನ ವಸ್ತ್ರದಲ್ಲಿ ಸುತ್ತಿಟ್ಟಿದ್ರೆ ಟ್ರೇಯಲ್ಲಿ ಇಡುವಾಗ ಮನಸ್ಸಿಗೆ ಕಸಿವಿಸಿ ಆಗಲ್ಲ. ರೂಮ್‌ಮೇಟ್ "ಇದೇನು" ಅಂತ ಕೇಳ್ತಾನೆ ಅನ್ನೋ ನಾಚಿಕೆ ಒಂದಿದೆಯಲ್ಲ, ಅದು ಒಂದೇ ಸಲ. ಒಂದು ಸಲ ಹೇಳಿಬಿಟ್ರೆ ಆಮೇಲೆ ಅವನೇ "ಪೂಜೆ ಮಾಡ್ತಿದಾನೆ, ಲೈಟ್ ಆರಿಸ್ಬೇಡ" ಅಂತಾನೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ಜಾಣತನದ ಸಬೂಬು ಹುಟ್ಕೊಳ್ಳುತ್ತೆ, ಕಾಯಕವೇ ಕೈಲಾಸ ಅಲ್ವಾ, ನಾನು ದಿನಕ್ಕೆ ಹನ್ನೆರಡು ಗಂಟೆ ಕಾಯಕ ಮಾಡ್ತೀನಿ, ಇನ್ಯಾಕೆ ಪೂಜೆ ಅಂತ. ಚಂದಯ್ಯನ ಕಥೆಯನ್ನೂ ತಂದು ಮುಂದೆ ಇಡ್ತಾರೆ, ಹುಲ್ಲು ಕೊಯ್ಯುವಾಗ ಅವನ ಲಿಂಗ ಜಾರಿ ನೀರಿಗೆ ಬಿತ್ತಂತೆ, ಅವನು ಕಾಯಕ ಬಿಟ್ಟು ಹುಡುಕೋಕೆ ಹೋಗ್ಲಿಲ್ವಂತೆ, ಲಿಂಗವೇ ಅವನ ಹಿಂದೆ ಬಂತಂತೆ. ಕಥೆ ಸರಿ. ಆದ್ರೆ ಚಂದಯ್ಯ ಹಗ್ಗ ಮಾರಿ ಬಂದ ದುಡ್ಡಲ್ಲಿ ಜಂಗಮ ದಾಸೋಹ (ಊರೂರು ಸುತ್ತೋ ಶಿವಯೋಗಿಗಳಿಗೆ ಊಟ ಹಾಕೋದು) ಮಾಡ್ತಿದ್ದ, ನಾವು ಸಂಬಳದಲ್ಲಿ ಎರಡನೇ ಸೈಟಿನ ಇಎಂಐ ಕಟ್ತಿದೀವಿ. ನಿಮ್ಮ ದುಡಿಮೆಯಲ್ಲಿ ದಾಸೋಹದ ಪಾಲು ಇದ್ರೆ ಆಮೇಲೆ ಈ ಕಥೆ ಹೇಳಿ, ಅಲ್ಲಿವರೆಗೆ ಐದು ನಿಮಿಷ ಕೂತ್ಕೊಳ್ಳಿ.

ಈಗ ನನಗೆ ಮುಖ್ಯ ಅನ್ಸೋ ವಿಷಯ. ಮೂವತ್ತು ಮೂವತ್ತೈದರ ಹತ್ರ ಬಂದಾಗ ಎಷ್ಟೋ ಜನ ಹೇಳ್ತಾರೆ, "ಮಾಡ್ತೀನಿ, ಆದ್ರೆ ಏನೂ ಅನ್ಸಲ್ಲ, ಚಿಕ್ಕವನಿದ್ದಾಗ ದೀಕ್ಷೆ ಆದ ಹೊಸದರಲ್ಲಿ ಮೈ ಜುಂ ಅಂತಿತ್ತು, ಈಗ ಹಲ್ಲುಜ್ಜಿದ ಹಾಗೆ ಆಗಿದೆ, ಇದು ಬೂಟಾಟಿಕೆ ಅಲ್ವಾ, ಬಿಡೋದೇ ವಾಸಿ ಅಲ್ವಾ." ಅಲ್ಲ. ಷಟ್‌ಸ್ಥಲ ಅನ್ನೋ ಮಾತು ಪ್ರವಚನದಲ್ಲಿ ಕೇಳಿರ್ತೀರಿ, ಶಿವನಲ್ಲಿ ಒಂದಾಗೋ ದಾರಿಯ ಆರು ಮೆಟ್ಟಿಲು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಈ ಆರಕ್ಕೂ ಒಂದೊಂದು ಬಗೆಯ ಭಕ್ತಿ ಹೇಳಿದಾರೆ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ. ಸಾಲು ನೋಡಿ. ಮೈ ಜುಂ ಅನ್ನೋ ಶ್ರದ್ಧೆ ಆದ್ಮೇಲೆ ಬರೋದು ಆನಂದ ಅಲ್ಲ, ನಿಷ್ಠೆ. ನಿಷ್ಠೆ ಒಣಗಿದ ರೊಟ್ಟಿ ಇದ್ದ ಹಾಗೆ, ರುಚಿ ಇಲ್ಲ, ದೂರದ ದಾರಿಗೆ ಬುತ್ತಿ ಕಟ್ಟೋದು ಅದನ್ನೇ. ಆಮೇಲೆ ಅವಧಾನ, ಅಂದ್ರೆ ಮಾಡೋದನ್ನ, ಉಣ್ಣೋದನ್ನ, ಆಡೋ ಮಾತನ್ನ ಗಮನ ಕೊಟ್ಟು ಮಾಡೋದು. ಅದೂ ಆದ್ಮೇಲೆ ಅನುಭವ. ಆನಂದ ಐದನೇದು! ನಾವು ಎರಡನೇ ಮೆಟ್ಟಿಲಲ್ಲಿ ನಿಂತ್ಕೊಂಡು ಐದನೇ ಮೆಟ್ಟಿಲಿನದು ಯಾಕೆ ಸಿಗ್ಲಿಲ್ಲ ಅಂತ ಇಳಿದು ಮನೆಗೆ ಹೋಗ್ತೀವಿ. ಈ ಆರೂ ವಯಸ್ಸಿನ ಜೊತೆ ತಾನಾಗೇ ಬರುತ್ತೆ ಅಂತ ನಾನು ಹೇಳ್ತಿಲ್ಲ, ಎಪ್ಪತ್ತಾದ್ರೂ ಮೊದಲನೇದರಲ್ಲೇ ಇರೋರು ಇದಾರೆ. ಆದ್ರೆ ಭಾವನೆ ಬದಲಾಗುತ್ತೆ ಅನ್ನೋದನ್ನ ಈ ದಾರಿ ಹಾಕಿದೋರು ಮೊದಲೇ ಲೆಕ್ಕಕ್ಕೆ ಹಿಡಿದಿದ್ರು.

ಒಣಗಿದ ಕಾಲದಲ್ಲಿ ಮಾಡ್ಬೇಕಾದ್ದು ಎರಡೇ: ಪೂಜೆ ಉದ್ದ ಮಾಡ್ಬೇಡಿ, ಹೊಸ ವ್ರತ ಹಿಡೀಬೇಡಿ. ಏನೂ ಅನ್ಸ್ತಿಲ್ಲ ಅಂತ ಜನ ಏನ್ ಮಾಡ್ತಾರೆ, ಇಪ್ಪತ್ತೊಂದು ಸೋಮವಾರ ಹಿಡೀತಾರೆ, ಆ ಗುಡಿ ಈ ಗುಡಿ ಸುತ್ತುತಾರೆ, ಯೂಟ್ಯೂಬಲ್ಲಿ ದಿನಕ್ಕೊಬ್ಬ ಸ್ವಾಮಿಗಳ ಮಾತು ಕೇಳ್ತಾರೆ. ಜೋರು ಮಾಡಿದಷ್ಟೂ ಬೇಗ ಸುಸ್ತು. ಇದ್ದಷ್ಟನ್ನೇ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮಾಡಿ.

ಮದುವೆ ವಿಷಯಕ್ಕೆ ಬಂದ್ರೆ ಹೆಣ್ಣುಮಕ್ಕಳಿಗೇ ಕಷ್ಟ ಜಾಸ್ತಿ. ಹೊಸ ಮನೆ, ಅಲ್ಲಿ ದೇವರ ಜಗಲಿ ಮೇಲೆ ವೀರಭದ್ರನೋ ಯಲ್ಲಮ್ಮನೋ ಮನೆದೇವರು, ಅತ್ತೆಯೋರದೇ ಒಂದು ಕ್ರಮ. ಬೆಳಗ್ಗೆ ಎಲ್ಲರ ಚಹಾ ನಾಷ್ಟಾ ಮುಗಿಸೋ ಹೊತ್ತಿಗೆ ಹತ್ತು. ಮೊದಲ ವಾರವೇ, ನೆಂಟರೆಲ್ಲ ಹೋಗೋಕೆ ಮುಂಚೆ, "ಅತ್ತೀ, ನಾನು ಲಿಂಗಪೂಜೆ ಮಾಡ್ಕೊಂಡು ಅಡುಗೆಮನೆಗೆ ಬರ್ತೀನಿ, ಐದು ನಿಮಿಷ" ಅಂತ ಹೇಳಿಬಿಡಿ. ಮೊದಲ ವಾರ ಹೇಳಿದ್ದು ಆ ಮನೆಯ ಪದ್ಧತಿ ಆಗುತ್ತೆ, ಆರು ತಿಂಗಳಾದ್ಮೇಲೆ ಹೇಳಿದ್ರೆ ತಕರಾರು ಅನ್ಸ್ಕೊಳ್ಳುತ್ತೆ. ಗಂಡಸರೇ, ನಿಮಗೂ ಒಂದು ಮಾತು, ಹೆಂಡತಿ ಕೂತಿರೋ ಆ ಐದು ನಿಮಿಷ ಸ್ಟೋವ್ ಮೇಲಿನ ಹಾಲು ನೀವೇ ನೋಡ್ಕೊಳ್ಳಿ, ಶರಣಧರ್ಮದ ಭಾಷಣಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತೆ.

ಮಗು ಆದಾಗ, ಮುಟ್ಟಾದಾಗ, ಮನೆಯಲ್ಲಿ ಸಾವಾದಾಗ ಪೂಜೆ ನಿಲ್ಲಿಸ್ಬೇಕಾ? ಇದನ್ನ ಜೋರಾಗೇ ಹೇಳ್ತೀನಿ, ಬೇಡ. ಜನನ, ಮರಣ, ರಜ (ಮುಟ್ಟು), ಎಂಜಲು, ಜಾತಿ ಈ ಐದು ಸೂತಕಗಳೂ ಲಿಂಗ ಕಟ್ಟಿದೋರಿಗೆ ಇಲ್ಲ ಅಂತ ಶರಣರು ಅವತ್ತೇ ತೆಗೆದುಹಾಕಿದಾರೆ. ಕೂಸಿಗೂ ಹುಟ್ಟಿದ ಹೊಸದರಲ್ಲೇ ಲಿಂಗಧಾರಣೆ ಮಾಡಿಸ್ತೀವಿ, ಆ ಕೂಸಿನ ತಾಯಿಗೆ ಮಾತ್ರ "ನೀನು ಮುಟ್ಬೇಡ" ಅಂತೀವಿ, ಇದ್ಯಾವ ನ್ಯಾಯ ನನಗಂತೂ ತಿಳೀಲಿಲ್ಲ. ಇವತ್ತಿಗೂ ಎಷ್ಟೋ ಲಿಂಗಾಯತ ಮನೆಗಳಲ್ಲಿ ತಿಂಗಳಿಗೆ ಐದು ದಿನ ಹೆಣ್ಣುಮಕ್ಕಳ ಪೂಜೆ ತಪ್ಪಿಸ್ತಾರೆ, ವರ್ಷಕ್ಕೆ ಎರಡು ತಿಂಗಳು ಹಾಗೇ ಹೋಯ್ತು. ನೀವಾಗೇ ತಪ್ಪಿಸ್ಕೊಳ್ತಿದ್ರೆ ನಿಲ್ಲಿಸಿ. ಹಿರಿಯರು ಒಪ್ಪಲ್ಲ ಅಂದ್ರೆ ಜಗಳ ಬೇಡ, ಜಗಲಿ ಹತ್ರ ಹೋಗೋದೂ ಬೇಡ, ಲಿಂಗ ನಿಮ್ಮ ಕೊರಳಲ್ಲೇ ಇದೆ, ರೂಮ್ ಬಾಗಿಲು ಹಾಕ್ಕೊಂಡು ಮಾಡಿ.

ಬಾಣಂತನದಲ್ಲಿ ನಿದ್ದೆಯೇ ಇಲ್ಲದಿದ್ದಾಗ ಐದು ನಿಮಿಷವೂ ಜಾಸ್ತಿ. ಆಗ ಕರಡಿಗೆ ಮೇಲೆ ಕೈಯಿಟ್ಟು ಹನ್ನೊಂದು ಸಲ ನಮಃ ಶಿವಾಯ ಅಂದ್ರೆ ಅವತ್ತಿನ ಪೂಜೆ ಆಯ್ತು. ಮಗುವಿಗೆ ಕುಡಿಸ್ತಾ ಕೂತ್ಕೊಂಡೇ ಆಗುತ್ತೆ. ತಪ್ಪಿತು ಅಂತ ಅಪರಾಧಿ ಭಾವ ಇಟ್ಕೊಳ್ಳೋರು ಬೇಗ ಬಿಡ್ತಾರೆ, ಚಿಕ್ಕದಾಗಿ ಮಾಡಿ ತೃಪ್ತಿ ಪಡೋರು ಉಳಿಸ್ಕೊಳ್ತಾರೆ.

ದುಡ್ಡು ಬಂದ ಕಾಲ ಇನ್ನೊಂದು. ಕಷ್ಟದಲ್ಲಿ ಶಿವಾ ಅಂದೋರು ಸುಖದಲ್ಲಿ ಮರೀತಾರೆ ಅನ್ನೋದು ಹಳೇ ಮಾತು. ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿಗೆ ಸರಿಯಾಗಿದೆ. ಗಂಡ ಮಾರಯ್ಯ ದಿನಾ ಚೆಲ್ಲಿದ ಅಕ್ಕಿ ಆಯ್ದು ತರೋರು, ಒಂದಿನ ಅಳತೆಗಿಂತ ಜಾಸ್ತಿ ತಂದಾಗ ಲಕ್ಕಮ್ಮ ಖುಷಿ ಪಡ್ಲಿಲ್ಲ, ಇಷ್ಟೊಂದು ನಮಗ್ಯಾಕೆ, ಎಲ್ಲಿಂದ ತಂದ್ರೋ ಅಲ್ಲೇ ಸುರಿದು ಬನ್ನಿ ಅಂದ್ರು. ನಮ್ಮ ಕೈಲಿ ಅಷ್ಟು ಆಗಲ್ಲ, ಸರಿ. ಸಂಬಳ ಏರಿದಾಗೆಲ್ಲ ದಾಸೋಹದ ಪಾಲೂ ಏರ್ಲಿ. ನೂರಕ್ಕೆ ಇಷ್ಟು ಅಂತ ಗಂಡ ಹೆಂಡತಿ ಕೂತು ಮಾತಾಡಿ ಗೊತ್ತು ಮಾಡ್ಕೊಳ್ಳಿ, ಸಂಬಳ ಬಂದ ದಿನವೇ ಬೇರೆ ತೆಗೆದಿಡಿ, ಮಠದ ಮಕ್ಕಳ ಊಟಕ್ಕೋ ಪರಿಚಯದ ಬಡ ಹುಡುಗಿಯ ಫೀಸಿಗೋ ಕೊಡಿ, ಕಲ್ಲಿನ ಮೇಲೆ ಹೆಸರು ಕೆತ್ತಿಸ್ಬೇಡಿ.

ಆಸ್ಪತ್ರೆ. ಆಪರೇಷನ್ ಥಿಯೇಟರಿಗಾಗ್ಲಿ ಎಂಆರ್‌ಐಗಾಗ್ಲಿ ಕರಡಿಗೆ ಹಾಕ್ಕೊಂಡು ಹೋಗೋಕೆ ಬಿಡಲ್ಲ, ಅದು ಅವರ ನಿಯಮ, ಸಿಟ್ಟಾಗ್ಬೇಡಿ. ವಯಸ್ಸಾದೋರು ಲಿಂಗ ಇಳಿಸೋದು ಅಂದ್ರೆ ಪ್ರಾಣ ಇಳಿಸಿದ ಹಾಗೆ ಹೆದರ್ತಾರೆ. ಆ ಹೆದರಿಕೆ ನೋಡಿ ನಗಬೇಡಿ, ಹಿಂದಿನ ದಿನವೇ ಹೇಳಿ ಮನಸ್ಸು ತಯಾರು ಮಾಡಿ, ಇಳಿಸೋ ಮುಂಚೆ ಅವರ ಕೈಯಿಂದಲೇ ಪೂಜೆ ಮಾಡ್ಸಿ, ಮನೆಯೋರೊಬ್ಬರು ವಸ್ತ್ರದಲ್ಲಿ ಇಟ್ಕೊಂಡು ಬಾಗಿಲ ಹೊರಗೇ ಇದ್ದು, ವಾರ್ಡಿಗೆ ತಂದ ಕೂಡ್ಲೇ ವಾಪಸ್ ಕೊರಳಿಗೆ ಹಾಕಿ. ಪ್ರಾಣಲಿಂಗ ಅಂತ ಒಳಗೊಂದಿದೆ, ಅದನ್ನ ಯಾವ ನರ್ಸೂ ತೆಗೆಯೋಕಾಗಲ್ಲ ಅಂತ ಹೇಳಿದ್ರೆ ಅಜ್ಜ ನಗ್ತಾರೆ, ಅಷ್ಟು ಸಾಕು. ತುಮಕೂರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು 111ನೇ ವಯಸ್ಸಲ್ಲಿ ಲಿಂಗೈಕ್ಯರಾದ್ರು, ನಸುಕಿನಲ್ಲಿ ಎದ್ದು ಇಷ್ಟಲಿಂಗ ಪೂಜೆಗೆ ಕೂರೋ ಅವರ ಪರಿಪಾಠವನ್ನ ಅಲ್ಲಿ ಓದಿದ ಮಕ್ಕಳೆಲ್ಲ ನೋಡಿದಾರೆ. ಅಂಥ ದೇಹಕ್ಕೂ ಕೊನೆಗೆ ಆಸ್ಪತ್ರೆ ತಪ್ಪಲಿಲ್ಲ.

ಮನೆಯಲ್ಲಿ ಅಕಾಲದ ಸಾವಾದಾಗ ದೇವರ ಮೇಲೆ ಸಿಟ್ಟು ಬರುತ್ತೆ. ಬರ್ಲಿ. ಆ ಸಮಯದಲ್ಲಿ ಬಂದವರು "ಮರಣವೇ ಮಹಾನವಮಿ", ಅಂದ್ರೆ ಸಾವೂ ಹಬ್ಬವೇ ಅಂತಾರೆ, ದೊಡ್ಡ ಮಾತು, ಆದ್ರೆ ಮಗನ್ನ ಕಳ್ಕೊಂಡ ತಾಯಿಗೆ ಮೊದಲ ವಾರ ಹೇಳೋ ಮಾತಲ್ಲ, ದಯವಿಟ್ಟು ಹೇಳ್ಬೇಡಿ. ಸಿಟ್ಟಿದ್ದೋರು ಲಿಂಗವನ್ನ ಕೈಲಿ ಹಿಡ್ಕೊಂಡೇ ಬೈಯ್ಯಿರಿ. ಮಂತ್ರ ಬರ್ಲಿಲ್ಲ ಅಂದ್ರೆ ಬರೀ ನೋಡ್ತಾ ಕೂತ್ಕೊಳ್ಳಿ, ನೋಡೋಕೂ ಆಗ್ಲಿಲ್ಲ ಅಂದ್ರೆ ಮನೆಯಲ್ಲಿ ಇನ್ನೊಬ್ಬರು ಪೂಜೆ ಮಾಡುವಾಗ ಪಕ್ಕದಲ್ಲಿ ಕೂತ್ಕೊಳ್ಳಿ. ಬೀರುವಿಗೆ ಮಾತ್ರ ಹಾಕ್ಬೇಡಿ. ಊಟ ಸೇರ್ತಿಲ್ಲ, ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ಸ್ತಿದೆ ಅಂದ್ರೆ ಡಾಕ್ಟರ್ ಹತ್ರಾನೂ ಹೋಗಿ, ಭಕ್ತಿ ಕಮ್ಮಿ ಆಯ್ತು ಅಂತ ಅದಕ್ಕೆ ಅರ್ಥ ಅಲ್ಲ.

ಮುಪ್ಪಿನಲ್ಲಿ ಕೈ ನಡುಗುತ್ತೆ, ಲಿಂಗ ಜಾರಿ ಬೀಳೋ ಭಯ. ತೊಡೆ ಮೇಲೆ ದಿಂಬು, ಅದರ ಮೇಲೆ ಅಗಲವಾದ ತಟ್ಟೆ ಇಟ್ಕೊಂಡು ತಟ್ಟೆಯ ಮೇಲೆ ಅಂಗೈ ಇರ್ಲಿ. ಕಣ್ಣಿಗೆ ಪೊರೆ ಬಂದು ಚುಕ್ಕಿ ಕಾಣ್ಲಿಲ್ಲ ಅಂದ್ರೆ ಬೆರಳಲ್ಲಿ ಸವರ್ತಾ ಮಂತ್ರ ಹೇಳಿ. ಮರೆವು ಶುರುವಾದೋರಿಗೆ ಮನೆಯೋರು ದಿನಾ ಅದೇ ಹೊತ್ತಿಗೆ ಅಂಗೈಗೆ ಇಟ್ಟು ನೋಡಿ, ಹೆಸರು ಮರೆತೋರ ಬಾಯಲ್ಲೂ ಮಂತ್ರ ಬರೋದುಂಟು. ಮಕ್ಕಳು ಬೇರೆ ಊರಲ್ಲಿದ್ರೆ ಒಂದು ಮಾತು ಮೊದಲೇ ಹೇಳಿಡಿ, ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವಾಗ ಲಿಂಗ ಎಡಗೈಯಲ್ಲಿಡ್ತಾರೆ, ಆ ಗಡಿಬಿಡಿಯಲ್ಲಿ ಕರಡಿಗೆ ಎಲ್ಲಿದೆ ಅಂತ ಹುಡುಕೋ ಹಾಗಾಗ್ಬಾರ್ದು.

ಇನ್ನು ವರ್ಷಗಟ್ಟಲೆ ಬೀರುವಿನಲ್ಲೇ ಇದೆ ಅನ್ನೋರು. ಪ್ರಾಯಶ್ಚಿತ್ತ, ಶಾಂತಿ, ಹೋಮ ಏನೂ ಬೇಡ, ಒಳ್ಳೇ ದಿನ ನೋಡೋದೂ ಬೇಡ. ಬಿಚ್ಚಿ ನೋಡಿ, ಲಿಂಗದ ಮೇಲಿನ ಕಪ್ಪು ಲೇಪ ಬಿರುಕು ಬಿಟ್ಟಿದ್ರೆ, ಅಥವಾ ಲಿಂಗವೇ ಕಳೆದುಹೋಗಿದ್ರೆ ನಿಮ್ಮ ಮಠಕ್ಕೆ ಹೋಗಿ ಗುರುಗಳ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ, ದಿನಾ ಇಂಥೋರು ಬರ್ತಾನೇ ಇರ್ತಾರೆ, ಯಾರೂ ಬೈಯಲ್ಲ, ಮತ್ತೆ ಕಟ್ಟಿ ಕೊಡ್ತಾರೆ. ಲಿಂಗ ಸರಿಯಿದ್ರೆ ನಾಳೆ ಎದ್ದ ಕೂಡ್ಲೇ ಶುರು ಮಾಡಿ. ಶಿವದಾರ (ಕರಡಿಗೆ ಕೊರಳಿಗೆ ಹಾಕ್ಕೊಳ್ಳೋ ದಾರ) ಮಾತ್ರ ಅಷ್ಟು ವರ್ಷ ಮಡಚಿಟ್ಟಿದ್ದಕ್ಕೆ ಜೀರ್ಣ ಆಗಿರುತ್ತೆ, ಹಳೇದನ್ನೇ ಹಾಕ್ಕೊಂಡು ಓಡಾಡಿದ್ರೆ ಎಲ್ಲೋ ಬಸ್ಸಲ್ಲಿ ಕಿತ್ತು ಹೋಗುತ್ತೆ. ಮಠದ ಮುಂದಿನ ಅಂಗಡಿಗಳಲ್ಲಿ ಸಿಗುತ್ತೆ, ಹೋದಾಗ ಎರಡು ತಗೊಂಡು ಬನ್ನಿ.